ಅಮೈಲೇಸ್ 1,840 ಅಂತ ಹೆದರಿದೆವು, ನೋಡಬೇಕಾದ ಅಂಕಿ ಬೇರೆ ಇತ್ತು

ಕೃಷ್ಣಾತೀರ, ಜಮಖಂಡಿ

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ. ಲ್ಯಾಬಿನವರು, ಡಾಕ್ಟರು, ನರ್ಸ್ ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ.

ಹೋದ ತಿಂಗಳು ಅಣ್ಣನಿಗೆ ರಾತ್ರಿ ಊಟ ಆಗಿ ಒಂದು ತಾಸಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂತ ಅವ್ವ ಅಜವಾನ ತಿನ್ನಿಸಿದಳು, ನಾನು ಸೋಡಾ ತಂದುಕೊಟ್ಟೆ. ನೋವು ಇಳಿಯಲಿಲ್ಲ, ಬೆನ್ನಿಗೆ ಹಾಯಿತು. ಅಂಗಾತ ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಮ್ಮಿ. ಬೆಳಗಾಗುವುದರೊಳಗೆ ನಾಲ್ಕು ಸಲ ವಾಂತಿ. ನಸುಕಿನಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಪ್ಯಾಂಕ್ರಿಯಾಟೈಟಿಸ್ ಅಂದರು. ಮೇದೋಜೀರಕ ಗ್ರಂಥಿಗೆ ಬಾವು ಬಂದಿದೆ ಅಂತ ಬಿಡಿಸಿ ಹೇಳಿದರು.

ರಿಪೋರ್ಟಿನಲ್ಲಿ ಅಮೈಲೇಸ್ (ಆ ಗ್ರಂಥಿಯ ಜೀರ್ಣರಸದ ಒಂದು ಅಂಶ) 1,840. ಮಿತಿ 100 ಅಂತ ಪಕ್ಕದಲ್ಲೇ ಅಚ್ಚಾಗಿತ್ತು. ಅತ್ತಿಗೆ ಆ ಹಾಳೆ ಹಿಡಿದುಕೊಂಡೇ ಅಳತೊಡಗಿದರು. ನನಗೂ ಕೈಕಾಲು ತಣ್ಣಗಾದವು. ಪಕ್ಕದ ಕಾಟಿನಲ್ಲಿ ಅದೇ ಬೇನೆಯ ಒಬ್ಬ ಕಾಕಾ ಇದ್ದರು. ಅವರದು ಬರೀ 420. ಅವರ ಮನೆಯವರೇ ನಮಗೆ ಧೈರ್ಯ ಹೇಳಿದರು.

ಎರಡು ದಿನಕ್ಕೆ ಅಣ್ಣ ಎದ್ದು ಕೂತು ಗಂಜಿ ಕುಡಿದ. ಕಾಕಾ ಅವರಿಗೆ ಮೂರನೇ ದಿನ ಬೆಳಿಗ್ಗೆ ದಮ್ಮು ಹತ್ತಿತು. ಮಿರಜಿಗೆ ಒಯ್ಯಬೇಕಾಯಿತು.

ಹೊರಡುವ ಗಡಿಬಿಡಿಯಲ್ಲಿ ಅವರ ಮಗ ಫೈಲು ನನ್ನ ಕೈಗಿಟ್ಟು, "ಅಣ್ಣಾ, ಎಲ್ಲಾ ಹಾಳೆ ಫೋಟೋ ಹೊಡೆದು ವಾಟ್ಸಾಪ್ ಮಾಡು" ಅಂದ. ವರಾಂಡದ ನೆಲದ ಮೇಲೆ ಒಂದೊಂದೇ ಹಾಳೆ ಹಾಸಿ ಫೋಟೋ ತೆಗೆದೆ. ಮೊದಲ ದಿನ: ಪಿಸಿವಿ (ರಕ್ತದಲ್ಲಿ ಕೆಂಪು ಕಣದ ಪಾಲು) 49, ಕಿಡ್ನಿಯ ಟೆಸ್ಟುಗಳಾದ ಯೂರಿಯಾ 41, ಕ್ರಿಯಾಟಿನಿನ್ 1.1. ಮೂರನೇ ದಿನ: ಯೂರಿಯಾ 88, ಕ್ರಿಯಾಟಿನಿನ್ 2.3. ಎರಡನೇ ದಿನದ ಹಾಳೆಯಲ್ಲಿ ಒಂದೇ ಸಾಲು ಇತ್ತು. ಅಮೈಲೇಸ್ 260. ಅದರ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು, ಇಳಿದಿದೆ ಅಂತ. ಯೂರಿಯಾ ಇಲ್ಲ, ಪಿಸಿವಿ ಇಲ್ಲ.

ಆ ಎರಡು ಗೆರೆ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅಮೈಲೇಸ್ ಇಳಿಯುತ್ತಿತ್ತು, ಮನುಷ್ಯ ಕೆಡುತ್ತಿದ್ದ. ಯಾರಿಗೆ ತೊಡಕಾಗುತ್ತದೆ, ಯಾರು ಸುಧಾರಿಸುತ್ತಾರೆ ಅಂತ ರಕ್ತದಲ್ಲಿ ಮೊದಲೇ ಗೊತ್ತಾಗುತ್ತದಾ? ಗೊತ್ತಾಗುವ ಹಾಗಿದ್ದರೆ ಯಾವ ಟೆಸ್ಟು, ಯಾವಾಗ?

ಸೀರಮ್, ವಿಜಯಪುರ

ಅಣ್ಣಾರ, ನಾನು ಲ್ಯಾಬ್ ಟೆಕ್ನಿಷಿಯನ್. ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ನಮ್ಮ ಕೌಂಟರಿಗೆ ಬರುತ್ತದೆ.

ಅಮೈಲೇಸ್, ಅದೇ ಗ್ರಂಥಿಯ ಇನ್ನೊಂದು ಅಂಶ ಲೈಪೇಸ್, ಎರಡೂ ಬೇನೆ ಯಾವುದು ಅಂತ ಗುರುತಿಸಲಿಕ್ಕೆ. ಮಿತಿಗಿಂತ 3 ಪಟ್ಟು ದಾಟಿದರೆ, ಜೊತೆಗೆ ಆ ತರಹದ ನೋವು ಇದ್ದರೆ, ಪ್ಯಾಂಕ್ರಿಯಾಟೈಟಿಸ್ ಅನ್ನಬಹುದು. ಅಲ್ಲಿಗೆ ಅದರ ಕೆಲಸ ಮುಗಿಯಿತು. 3 ಪಟ್ಟೋ 30 ಪಟ್ಟೋ ಅನ್ನುವುದರಿಂದ ಬೇನೆ ಎಷ್ಟು ಜೋರು ಅಂತ ತಿಳಿಯುವುದಿಲ್ಲ. ಅಮೈಲೇಸ್ ಮೂರರಿಂದ ಐದು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ, ಒಳಗೆ ಗ್ರಂಥಿ ಕೊಳೆಯುತ್ತಿದ್ದರೂ ಇಳಿಯುತ್ತದೆ. ಅದಕ್ಕೇ ದಿನಾ ಅಮೈಲೇಸ್ ಬರೆದು ಕಳಿಸುವ ಚೀಟಿ ನೋಡಿದರೆ ನನಗೆ ಸಂಕಟ ಆಗುತ್ತದೆ. ಆ ದುಡ್ಡಿನಲ್ಲಿ ಯೂರಿಯಾ, ಕ್ರಿಯಾಟಿನಿನ್, ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಬಹುದು.

ರಿಪೋರ್ಟು ಓದುವವರಿಗೆ ಎರಡು ಮಾತು, ಇದರಲ್ಲಿ ತುಂಬಾ ಜನ ಎಡವುತ್ತಾರೆ.

ಒಂದು, ಇಂಟರ್ನೆಟ್ಟಿನಲ್ಲಿ ಎಲ್ಲಾ ಕಡೆ ಬಿಯುಎನ್ ಅಂತ ಬರೆದಿರುತ್ತಾರೆ. ನಮ್ಮ ಕಡೆ ಲ್ಯಾಬಿನವರು ಕೊಡುವುದು ಬ್ಲಡ್ ಯೂರಿಯಾ. ಎರಡೂ ಒಂದೇ ಅಲ್ಲ, ಬಿಯುಎನ್ ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಅಂದರೆ ಎಚ್ಚರದ ಗೆರೆಯಾದ ಬಿಯುಎನ್ 20 ನಮ್ಮ ಯೂರಿಯಾ ಲೆಕ್ಕದಲ್ಲಿ ಸುಮಾರು 43. ಕಾಕಾ ಅವರ 41 ಮೊದಲ ದಿನವೇ ಆ ಗೆರೆಯ ಹತ್ತಿರ ಇತ್ತು.

ಇನ್ನೊಂದು, ಮೈಯಲ್ಲಿ ಬಾವು ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ. ಕೆಲವು ಲ್ಯಾಬ್ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಒಂದರಲ್ಲಿ 150 ಇದ್ದದ್ದು ಇನ್ನೊಂದರಲ್ಲಿ 15 ಆಗಿರುತ್ತದೆ. ಅಂಕಿ ನೋಡುವ ಮೊದಲು ಪಕ್ಕದ ಅಳತೆ ನೋಡಿ.

ಇನ್ನು ನಾನೇ ಕಂಡದ್ದು ಹೇಳಬೇಕು. ಒಂದು ರಾತ್ರಿ 34 ವರ್ಷದ ಹುಡುಗನ ರಕ್ತ ಬಂತು. ಲಾರಿ ಓಡಿಸುವವನು, ಸಕ್ಕರೆ ಬೇನೆ ಇತ್ತು, ಗುಳಿಗೆ ಬಿಟ್ಟಿದ್ದ. ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಹೊರಗೆ ತೆಗೆದೆ. ಮೇಲೆ ನಿಲ್ಲುವ ಸೀರಮ್ ಜೋಳದ ದಂಟಿನ ಬಣ್ಣಕ್ಕೆ ಇರಬೇಕು, ಆಚೆಯ ಅಕ್ಷರ ಕಾಣುವಷ್ಟು ತಿಳಿ. ಇವನದು ಹಾಲು. ಟ್ಯೂಬ್ ಓರೆ ಮಾಡಿದರೆ ಗಾಜಿಗೆ ಬಿಳಿ ಪೊರೆ ಹಿಡಿಯುತ್ತಿತ್ತು, ಮೇಲೆ ತೆಳ್ಳಗೆ ಕೆನೆ. ಮಷೀನಿನಲ್ಲಿ ಅಮೈಲೇಸ್ ಹೆಚ್ಚು ಕಮ್ಮಿ ನಾರ್ಮಲ್ ಬಂತು. ಸೋಡಿಯಂ ಸುಳ್ಳು ಸುಳ್ಳೇ ಕಮ್ಮಿ ತೋರಿಸಿತು. ಡಾಕ್ಟರಿಗೆ ಫೋನ್ ಮಾಡಿ, "ಸರ್, ಅಮೈಲೇಸ್ ನಂಬಬೇಡಿ, ಸೀರಮ್ ಹಾಲಿನ ಹಾಗಿದೆ, ಟ್ರೈಗ್ಲಿಸರೈಡ್ ಹಾಕುತ್ತೇನೆ" ಅಂದೆ. ನೀರು ಬೆರೆಸಿ ತೆಳು ಮಾಡಿ ಓಡಿಸಿದಾಗ ಟ್ರೈಗ್ಲಿಸರೈಡ್, ಅಂದರೆ ರಕ್ತದ ಕೊಬ್ಬು, 3,100 ಬಂತು. 1,000 ದಾಟಿದರೇ ಈ ಬೇನೆ ತರಬಲ್ಲದು.

ಆ ಟೆಸ್ಟು ಮೊದಲ ದಿನವೇ ಆಗಬೇಕು. ಊಟ ನಿಲ್ಲಿಸಿ ಎರಡು ದಿನ ಆದರೆ ಟ್ರೈಗ್ಲಿಸರೈಡ್ ಸರ್ರನೆ ಇಳಿಯುತ್ತದೆ. ಆಮೇಲೆ ಕಾರಣ ಏನು ಅಂತ ಹುಡುಕುತ್ತಾ ಕೂರಬೇಕು.

ಇಳಕಲ್ ಸೆರಗು

ನಮ್ಮ ಅತ್ತೆಗೆ ಹೋದ ವರ್ಷ ಇದೇ ಆಗಿತ್ತು. ಮೊದಲ ದಿನ ಸಿಆರ್‌ಪಿ 12 ಬಂತು, ಏನೂ ಹೆದರಬೇಡಿ ಅಂದರು. ಮೂರನೇ ದಿನಕ್ಕೆ 240. ಲ್ಯಾಬ್ ತಪ್ಪಾಗಿತ್ತಾ?

ನವನಗರ ಓಪಿಡಿ, ಬಾಗಲಕೋಟೆ

ಅಕ್ಕಾರ, ಲ್ಯಾಬ್ ತಪ್ಪಲ್ಲ. ಸಿಆರ್‌ಪಿ ತಯಾರಾಗುವುದು ಲಿವರಿನಲ್ಲಿ. ಬಾವಿನ ಸುದ್ದಿ ಲಿವರಿಗೆ ಮುಟ್ಟಿ, ಅದು ಸಿಆರ್‌ಪಿ ಮಾಡಿ ರಕ್ತಕ್ಕೆ ಬಿಡಲು ಹೊತ್ತು ಹಿಡಿಯುತ್ತದೆ. ಎರಡರಿಂದ ಮೂರನೇ ದಿನಕ್ಕೆ ಶಿಖರ ಮುಟ್ಟುತ್ತದೆ. ಹಾಗಾಗಿ 48 ತಾಸಿಗೆ ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಬೇನೆ ಜೋರಾಗುವ ಸಂಭವ ಇದೆ ಅಂತ ಲೆಕ್ಕ. ಮೊದಲ ದಿನ ಅದು ಕಮ್ಮಿ ಇದ್ದರೆ ಸಮಾಧಾನ ಪಡುವ ಹಾಗಿಲ್ಲ.

ನಾನು ಫಿಜಿಷಿಯನ್. ಜಮಖಂಡಿಯವರ ಪ್ರಶ್ನೆಗೆ ಬರುತ್ತೇನೆ.

ಮೊದಲು ಒಂದು ಸಮಾಧಾನದ ಮಾತು. ಹತ್ತರಲ್ಲಿ ಸುಮಾರು ಎಂಟು ಜನರಿಗೆ ಈ ಬೇನೆ ಹಗುರವಾಗಿಯೇ ಬಂದು ಒಂದು ವಾರದಲ್ಲಿ ಹೋಗುತ್ತದೆ. ಉಳಿದ ಇಬ್ಬರನ್ನು ಬೇಗ ಗುರುತಿಸುವುದೇ ನಮ್ಮ ಕೆಲಸ. 2012ರಲ್ಲಿ ತಿದ್ದಿದ ಅಟ್ಲಾಂಟಾ ವರ್ಗೀಕರಣ ಅಂತ ಇದೆ, ಜಗತ್ತಿನ ಬಹಳ ಕಡೆ ಅದನ್ನೇ ಬಳಸುತ್ತಾರೆ. ಅದರ ಪ್ರಕಾರ ಶ್ವಾಸಕೋಶ, ಕಿಡ್ನಿ, ರಕ್ತದೊತ್ತಡ, ಇವುಗಳಲ್ಲಿ ಯಾವುದಾದರೂ ಕೈಕೊಟ್ಟು 48 ತಾಸು ದಾಟಿದರೂ ಸರಿಹೋಗದಿದ್ದರೆ ಅದು ತೀವ್ರ ಬೇನೆ. ಎಣಿಸುವುದು ತಾಸಿನಲ್ಲಿ. ಒಂದು ದಿನ ಸುಮ್ನೆ ಕಳೆದರೆ ಅರ್ಧ ಸಮಯ ಹೋಯಿತು.

ಈಗ ಒಳಗೆ ಏನಾಗುತ್ತದೆ ನೋಡಿ. ಬಾವು ಬಂದಾಗ ರಕ್ತನಾಳಗಳ ಗೋಡೆ ಸಡಿಲ ಆಗುತ್ತದೆ. ರಕ್ತದ ನೀರಿನಂಶ ಹೊಟ್ಟೆಯೊಳಗೆ, ಗ್ರಂಥಿಯ ಸುತ್ತ ಸೋರುತ್ತದೆ. ಕೆಂಪು ಕಣ ಮಾತ್ರ ನಾಳದಲ್ಲೇ ಉಳಿಯುತ್ತವೆ. ರಕ್ತ ಗಟ್ಟಿಯಾಗುತ್ತದೆ. ಅದನ್ನೇ ಪಿಸಿವಿ ತೋರಿಸುತ್ತದೆ, ಹೆಮಟೋಕ್ರಿಟ್ ಅನ್ನುವುದೂ ಅದನ್ನೇ. ಸಿಬಿಸಿ ಹಾಳೆಯಲ್ಲಿ ಹಿಮೋಗ್ಲೋಬಿನ್ ಕೆಳಗೆ ಇರುತ್ತದೆ, ಯಾರೂ ನೋಡುವುದಿಲ್ಲ. ಬಂದಾಗ 44 ಅಥವಾ ಜಾಸ್ತಿ ಇದ್ದು, ಸಲೈನ್ ಹಚ್ಚಿ 24 ತಾಸು ಆದರೂ ಇಳಿಯದಿದ್ದರೆ, ಗ್ರಂಥಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ, ಅದರ ಒಂದು ಭಾಗ ಸಾಯಬಹುದು ಅಂತ ಎಚ್ಚರ ಆಗಬೇಕು.

ಅದೇ ನೀರಿನ ಕೊರತೆ ಕಿಡ್ನಿಗೂ ತಟ್ಟುತ್ತದೆ. ಆಗ ಯೂರಿಯಾ ಏರುತ್ತದೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಮೊದಲ ಅಂಕಿಗಿಂತ, 24 ತಾಸಿನ ಮೇಲೆ ಅದು ಏರಿತೋ ಇಳಿಯಿತೋ ಅನ್ನುವುದು ಮುಖ್ಯ. ಏರಿದವರಿಗೆ ಅಪಾಯ ಜಾಸ್ತಿ ಅಂತ ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕ್ರಿಯಾಟಿನಿನ್ ಎರಡು ದಿನದ ಹೊತ್ತಿಗೆ 1.8 ದಾಟಿದ್ದರೆ ಅದೂ ಕೆಟ್ಟ ಲಕ್ಷಣ.

ಕಾಕಾ ಅವರ ಎರಡನೇ ದಿನದ ಹಾಳೆಯಲ್ಲಿ ಇರಬೇಕಾದದ್ದು ಈ ಮೂರು ಸಾಲು. ಯಾವ ತಾಲೂಕಿನ ಲ್ಯಾಬಿನಲ್ಲೂ ಆಗುವ ಟೆಸ್ಟುಗಳು. ಅದಕ್ಕೇ ನಿಮ್ಮ ಬರಹ ಓದಿ ನನಗೆ ನಿಜಕ್ಕೂ ನೋವಾಯಿತು.

ಇನ್ನೊಂದು ವಿಷಯವನ್ನು ನಮ್ಮ ಊರುಗಳಲ್ಲಿ ಎಲ್ಲರಿಗೂ ತಿಳಿಸಬೇಕು ಅನಿಸುತ್ತದೆ. 2009ರಲ್ಲಿ ಜರ್ಮನಿಯ ವೈದ್ಯರು ಉಲ್ಟಾ ಕಡೆಯಿಂದ ಯೋಚಿಸಿದರು. ಯಾರು ಕೆಡುತ್ತಾರೆ ಅಂತ ಹುಡುಕುವ ಬದಲು, ಯಾರು ಕೆಡುವುದಿಲ್ಲ ಅಂತ ಹುಡುಕಿದರು. ಹೊಟ್ಟೆ ಮುಟ್ಟಿದರೆ ಗಟ್ಟಿ ಬಿಗಿದಿರಬಾರದು, ಪಿಸಿವಿ ಗಂಡಸರಿಗೆ 43, ಹೆಂಗಸರಿಗೆ 39.6ರ ಒಳಗಿರಬೇಕು, ಕ್ರಿಯಾಟಿನಿನ್ 2ರ ಒಳಗಿರಬೇಕು. ಬಂದಾಗಲೇ ಈ ಮೂರೂ ಸರಿ ಇದ್ದವರಲ್ಲಿ 98 ಪ್ರತಿಶತ ಜನರಿಗೆ ಬೇನೆ ಹಗುರವಾಗಿಯೇ ಹೋಯಿತು. ಒಂದು ಕೈ, ಎರಡು ಟೆಸ್ಟು, ಅಷ್ಟೇ.

ಕೃಷ್ಣಾತೀರ ಅವರೇ, ನಿಮ್ಮ ಅಣ್ಣನ ಮೊದಲ ದಿನದ ಪಿಸಿವಿ ಎಷ್ಟಿತ್ತು?

ಕೃಷ್ಣಾತೀರ, ಜಮಖಂಡಿ

ಈಗ ಹಾಳೆ ತೆಗೆದು ನೋಡಿದೆ ಮೇಡಂ. ಪಿಸಿವಿ 41. ಕ್ರಿಯಾಟಿನಿನ್ 0.9. ಯೂರಿಯಾ 26. ಮರುದಿನ 22. ಉತ್ತರ ಮೊದಲ ದಿನವೇ ನಮ್ಮ ಕೈಯಲ್ಲಿತ್ತು. ನಾವು 1,840 ನೋಡುತ್ತಾ ಕೂತಿದ್ದೆವು.

ಬೆಲ್ಲದ ಗಾಣ, ಮುಧೋಳ

ಮೇಡಂ ಹೇಳಿದ್ದು ನನಗೆ ಚೊಲೋ ತಿಳಿಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸುತ್ತಾ ಹೋದ ಹಾಗೆ ನೀರು ಆರಿ ಪಾಕ ಗಟ್ಟಿ ಬರುತ್ತದೆ, ಹುಟ್ಟು ಆಡಿಸಲಿಕ್ಕೆ ಭಾರ ಆಗುತ್ತದೆ. ರಕ್ತಕ್ಕೂ ಹಾಗೇ ಆಗುತ್ತದೆ ಅಂತಾಯಿತು, ಅಲ್ವಾ? ಹಂಗಿದ್ದರೆ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿಬಿಟ್ಟರೆ ಪಾಕ ತೆಳು ಆಗಿ ಬೇನೆಯೇ ನಿಲ್ಲಬೇಕಲ್ಲ?

ನವನಗರ ಓಪಿಡಿ, ಬಾಗಲಕೋಟೆ

ಹೋಲಿಕೆ ಬಹಳ ಸರಿ ಇದೆ ಅಣ್ಣಾರ. ಆದರೆ ಇಲ್ಲಿ ಕೊಪ್ಪರಿಗೆಯೇ ಸೋರುತ್ತಿರುತ್ತದೆ. ಸುರಿದದ್ದರಲ್ಲಿ ಒಂದು ಪಾಲು ಶ್ವಾಸಕೋಶಕ್ಕೆ, ಹೊಟ್ಟೆಗೆ ಸೇರುತ್ತದೆ.

ನಾವೂ ಮೊದಲು ಜಾಸ್ತಿ ಸಲೈನ್ ಕೊಡುವುದೇ ಒಳ್ಳೆಯದು ಅಂತ ಕಲಿತಿದ್ದೆವು. 2022ರಲ್ಲಿ ವಾಟರ್‌ಫಾಲ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಒಂದು ಗುಂಪಿಗೆ ಜೋರಾಗಿ, ಇನ್ನೊಂದಕ್ಕೆ ಹದವಾಗಿ ರಿಂಗರ್ ಲ್ಯಾಕ್ಟೇಟ್ (ಸಲೈನಿನಂತಹದೇ ದ್ರವ) ಕೊಟ್ಟರು. ಜೋರಾಗಿ ಕೊಟ್ಟವರಲ್ಲಿ 20.5 ಪ್ರತಿಶತ ಜನರಿಗೆ ಮೈಯಲ್ಲಿ ನೀರು ತುಂಬಿ ತೊಂದರೆ ಆಯಿತು. ಹದವಾಗಿ ಕೊಟ್ಟವರಲ್ಲಿ 6.3. ಬೇನೆಯಂತೂ ಜೋರು ಸಲೈನಿನಿಂದ ತಗ್ಗಲಿಲ್ಲ. ಅದಕ್ಕೇ ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಹಾಗಾಗಿ ಈಗ ಹದವಾಗಿ ಕೊಡುತ್ತೇವೆ, ಕೆಲವು ತಾಸಿಗೊಮ್ಮೆ ರೋಗಿಯನ್ನು ನೋಡುತ್ತೇವೆ, ಪಿಸಿವಿ, ಯೂರಿಯಾ ಮತ್ತೆ ಮಾಡಿಸಿ ವೇಗ ಬದಲಿಸುತ್ತೇವೆ. ಮುಂದೇನು ಆಗುತ್ತದೆ ಅಂತ ಹೇಳುವ ಟೆಸ್ಟುಗಳೇ ಸಲೈನ್ ಎಷ್ಟು ಅಂತಲೂ ಹೇಳುತ್ತವೆ.

ರಾತ್ರಿಪಾಳಿ, ಬೆಳಗಾವಿ

ನಾನು ಐಸಿಯು ಸ್ಟಾಫ್ ನರ್ಸ್. ಎಲ್ಲರೂ ರಕ್ತದ ಬಗ್ಗೆ ಬರೆದಿದ್ದೀರಿ. ಮೂತ್ರದ ಬಗ್ಗೆ ನಾನು ಬರೆಯುತ್ತೇನೆ.

ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರ ಸೇರುವ ಚೀಲ ಯೂರೋಬ್ಯಾಗಿನಲ್ಲಿ ಗೊತ್ತಾಗುತ್ತದೆ. ಕೆಜಿಗೆ ತಾಸಿಗೆ ಅರ್ಧ ಮಿಲಿಲೀಟರಾದರೂ ಬರಬೇಕು. 60 ಕೆಜಿ ಮನುಷ್ಯನಿಗೆ ತಾಸಿಗೆ 30. ನಮ್ಮಲ್ಲಿ ಒಂದು ರಾತ್ರಿ ಒಬ್ಬ ಅಜ್ಜಿಗೆ 11 ಗಂಟೆಗೆ 40, 12ಕ್ಕೆ 25, 1ಕ್ಕೆ 15, 2ಕ್ಕೆ 10. ಬಣ್ಣ ಕಡಕ್ ಚಹಾದ ಹಾಗೆ. ಬೆಳಗಿನ ಯೂರಿಯಾ ಬರುವವರೆಗೆ ಕಾಯಲಿಲ್ಲ, 1 ಗಂಟೆಗೇ ಡಾಕ್ಟರನ್ನು ಎಬ್ಬಿಸಿದೆ. ಆ ಚಾರ್ಟಿನಲ್ಲಿ ತಾಸು ತಾಸಿಗೆ ಬರೆದಿದ್ದಕ್ಕೆ ಇಳಿಯುವುದು ಕಣ್ಣಿಗೆ ಬಿತ್ತು. ಬೆಳಿಗ್ಗೆ ಒಟ್ಟು ಅಳೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮನೆಯವರು ನೋಡಬಹುದಾದದ್ದು ಇನ್ನೂ ಇದೆ. ನಾಡಿ ನಿಮಿಷಕ್ಕೆ 90 ದಾಟಿದೆಯಾ, ಉಸಿರು 20 ದಾಟಿದೆಯಾ, ಜ್ವರ ಇದೆಯಾ, ಬಿಳಿ ಕಣ 12,000 ದಾಟಿದೆಯಾ. ಇವುಗಳಲ್ಲಿ ಎರಡು ಇದ್ದು, ಎರಡು ದಿನವಾದರೂ ಇಳಿಯದಿದ್ದರೆ ಅದು ಸಣ್ಣ ವಿಷಯ ಅಲ್ಲ. ಮಾತು ತೊದಲಿದರೆ, ಮನೆಯವರ ಗುರುತು ತಪ್ಪಿದರೆ, ತಕ್ಷಣ ಹೇಳಿ. "ಔಷಧದ ಮಂಪರು ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ.

ಇನ್ನೊಂದು ಕೈಮುಗಿದು ಕೇಳುತ್ತೇನೆ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಮೂರನೇ ದಿನ ಕೈ ನಡುಗಿ, ಬೆವರಿ, ಏನೇನೋ ಮಾತಾಡಿದರೆ ಅದು ಬೇನೆ ಏರಿದ್ದೋ, ಕುಡಿತ ನಿಂತದ್ದಕ್ಕೋ ಅಂತ ನಮಗೆ ತಿಳಿಯುವುದಿಲ್ಲ. ಎರಡಕ್ಕೂ ಔಷಧ ಬೇರೆ. ಹೆಂಡತಿ ಪಕ್ಕದಲ್ಲಿ ಬಾಯಿ ಬಿಡಲು ನಾಚಿಕೆ ಆದರೆ ನರ್ಸ್ ಕಿವಿಯಲ್ಲಿ ಹೇಳಿ ಸಾಕು.

ಕೆಂಪುಕಲ್ಲು, ಬಾದಾಮಿ

ಇಷ್ಟೆಲ್ಲಾ ಲೆಕ್ಕ ಯಾಕೆ? ಬಂದ ದಿನವೇ ಸಿಟಿ ಸ್ಕ್ಯಾನ್ ಮಾಡಿದರೆ ಎಲ್ಲಾ ಕಾಣುತ್ತದಲ್ಲ? ನಮ್ಮ ಮಾಮಾನಿಗೆ ಮೊದಲ ದಿನ ಮಾಡಿಸಲಿಲ್ಲ ಅಂತ ನಾವು ದೊಡ್ಡ ಜಗಳ ಮಾಡಿದ್ದೆವು.

ನವನಗರ ಓಪಿಡಿ, ಬಾಗಲಕೋಟೆ

ಜಗಳ ಮಾಡಿದ್ದು ಪ್ರೀತಿಗೆ, ಅದು ಅರ್ಥ ಆಗುತ್ತದೆ. ಆದರೆ ಮೊದಲ ದಿನ ಸಿಟಿಯಲ್ಲಿ ಗ್ರಂಥಿ ಬರೀ ಊದಿದಂತೆ ಕಾಣಬಹುದು. ಸತ್ತ ಭಾಗ ಯಾವುದು ಅಂತ ಬೇರೆಯಾಗಿ ತೋರಲು 72ರಿಂದ 96 ತಾಸು ಬೇಕು. ಮೊದಲ ದಿನದ ಚೊಲೋ ಸಿಟಿ ನೋಡಿ ಸುಮ್ಮನಿದ್ದು ಮೋಸ ಹೋದವರೂ ಇದ್ದಾರೆ. ಮೇಲಾಗಿ ಸಿಟಿಗೆ ಕಾಂಟ್ರಾಸ್ಟ್ ಔಷಧ ಚುಚ್ಚುವ ಮೊದಲು ಕಿಡ್ನಿ ನೋಡಬೇಕು. ಬೇನೆ ಇದೇನಾ ಅಂತ ಅನುಮಾನ ಇದ್ದರೆ ಮೊದಲ ದಿನವೂ ಮಾಡುತ್ತೇವೆ. ಇಲ್ಲದಿದ್ದರೆ ಅವತ್ತು ಬೇಕಾಗಿದ್ದು ಅಲ್ಟ್ರಾಸೌಂಡ್, ಪಿತ್ತಕೋಶದಲ್ಲಿ ಹರಳು ಇದೆಯಾ ಅಂತ.

ಕೆಂಪುಕಲ್ಲು, ಬಾದಾಮಿ

ಇದನ್ನು ಅವತ್ತು ಯಾರಾದರೂ ಹೇಳಿದ್ದರೆ ಜಗಳವೇ ಆಗುತ್ತಿರಲಿಲ್ಲ ಮೇಡಂ. ಇನ್ನೊಂದು ಕೇಳಲಾ? ಅವರ ಫೈಲಿನಲ್ಲಿ ರಾನ್ಸನ್ 4 ಅಂತ ಬರೆದಿತ್ತು. ಅದೇನು?

ಸೀರಮ್, ವಿಜಯಪುರ

ಅದು ನನಗೆ ಗೊತ್ತು. ನ್ಯೂಯಾರ್ಕಿನ ಸರ್ಜನ್ ರಾನ್ಸನ್, ಬೇನೆ ಎಷ್ಟು ಜೋರಾಗಬಹುದು ಅಂತ ಅಳೆಯಲು 1974ರಲ್ಲಿ ಮಾಡಿದ 11 ಅಂಶದ ಪಟ್ಟಿ. ಬಂದಾಗ 5, ಎರಡು ದಿನದೊಳಗೆ 6. ಸಕ್ಕರೆ, ಬಿಳಿ ಕಣ, ಜೀವಕೋಶ ಹಾಳಾದಾಗ ಏರುವ ಎಲ್‌ಡಿಎಚ್, ಕ್ಯಾಲ್ಸಿಯಂ ಎಲ್ಲಾ ಬರುತ್ತವೆ. 3 ಅಥವಾ ಜಾಸ್ತಿ ಬಂದರೆ ಎಚ್ಚರ. 2008ರಲ್ಲಿ ಬಂದ ಬೈಸಾಪ್ ಅನ್ನುವ ಪಟ್ಟಿ ಇನ್ನೂ ಸುಲಭ, 5 ಅಂಶ: ಬಿಯುಎನ್ 25 ದಾಟಿದ್ದು, ಪ್ರಜ್ಞೆ ಮಂಕಾದದ್ದು, ಸಿಸ್ಟರ್ ಬರೆದ ನಾಡಿ-ಉಸಿರು-ಜ್ವರ-ಬಿಳಿ ಕಣದಲ್ಲಿ ಯಾವುದಾದರೂ ಎರಡು ಕೆಟ್ಟದ್ದು, ವಯಸ್ಸು 60 ದಾಟಿದ್ದು, ಎದೆಯಲ್ಲಿ ನೀರು.

ಕ್ಯಾಲ್ಸಿಯಂ ಬಗ್ಗೆ ಒಂದು ಮಾತು. ಗ್ರಂಥಿಯ ಸುತ್ತಲಿನ ಕೊಬ್ಬು ಕರಗಿದಾಗ ಬರುವ ಆಮ್ಲ ಕ್ಯಾಲ್ಸಿಯಂ ಹಿಡಿದುಕೊಂಡು ಸಾಬೂನಿನ ತರಹ ಆಗುತ್ತದೆ. ಅದಕ್ಕೇ ರಕ್ತದಲ್ಲಿ ಕ್ಯಾಲ್ಸಿಯಂ 8ಕ್ಕಿಂತ ಕೆಳಗೆ ಇಳಿಯುವುದು ಕೆಟ್ಟ ಸೂಚನೆ. ಆದರೆ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಕಮ್ಮಿ ಇದ್ದರೂ ಕ್ಯಾಲ್ಸಿಯಂ ಕಮ್ಮಿ ತೋರಿಸುತ್ತದೆ, ಎರಡನ್ನೂ ಕೂಡಿಸಿ ಓದಬೇಕು.

ಇಳಕಲ್ ಸೆರಗು

ಪ್ರೊಕ್ಯಾಲ್ಸಿಟೋನಿನ್ ಅಂತ ದುಬಾರಿ ಟೆಸ್ಟು ಬರೆದಿದ್ದರು. ಅದು ಬೇಕೇಬೇಕಾ?

ನವನಗರ ಓಪಿಡಿ, ಬಾಗಲಕೋಟೆ

ಎಲ್ಲರಿಗೂ ಬೇಡ. ಅದು ಕೀವು, ಸೋಂಕು ಇದೆಯಾ ಅಂತ ಅನುಮಾನ ಬಂದಾಗ ಸಹಾಯ ಮಾಡುತ್ತದೆ. ಈ ಬೇನೆಯಲ್ಲಿ ಸೋಂಕು ಇಲ್ಲದೆಯೂ ಜ್ವರ ಬರುತ್ತದೆ, ಬಿಳಿ ಕಣ ಏರುತ್ತವೆ, ಸಿಆರ್‌ಪಿ ಏರುತ್ತದೆ. ಅದನ್ನು ನೋಡಿ ಮೊದಲ ದಿನವೇ ದೊಡ್ಡ ಆ್ಯಂಟಿಬಯೋಟಿಕ್ ಶುರು ಮಾಡುವುದು ತಪ್ಪು. ಮುಂಜಾಗ್ರತೆಗೆ ಅಂತ ಕೊಟ್ಟರೆ ಲಾಭ ಇಲ್ಲ ಅಂತ ಸಾಬೀತಾಗಿದೆ. ಪ್ರೊಕ್ಯಾಲ್ಸಿಟೋನಿನ್ ನೋಡಿಕೊಂಡು ನಿರ್ಧರಿಸಿದರೆ ಆ್ಯಂಟಿಬಯೋಟಿಕ್ ಬಳಕೆ ಕಮ್ಮಿ ಆಗುತ್ತದೆ, ರೋಗಿಗೆ ಹಾನಿಯೂ ಇಲ್ಲ ಅಂತ 2022ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ.

ಒಂದು ಮಾತು ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಈ ಟೆಸ್ಟುಗಳು, ಸ್ಕೋರುಗಳು ಯಾವುವೂ ಭವಿಷ್ಯ ಹೇಳುವುದಿಲ್ಲ. ಎಲ್ಲಾ ಸರಿ ಇದ್ದರೆ "ಕೆಡುವುದಿಲ್ಲ" ಅನ್ನುವ ಮಾತು ಬಹಳ ಮಟ್ಟಿಗೆ ನಿಜ ಆಗುತ್ತದೆ. ಜಾಸ್ತಿ ಬಂದವರಲ್ಲಿ ಮಾತ್ರ ಅನೇಕರು ಸುಧಾರಿಸಿಕೊಂಡು ಮನೆಗೆ ಹೋಗುತ್ತಾರೆ. ರಿಪೋರ್ಟಿನಲ್ಲಿ ಕೆಂಪು ಅಂಕಿ ಕಂಡು ಕೈಚೆಲ್ಲಬೇಡಿ.

ಸಂಗಮ ದಾರಿ, ಹುನಗುಂದ

ನಮಸ್ಕಾರ. ಈಗ ರಾತ್ರಿ 9.15. ನಿನ್ನೆ ರಾತ್ರಿಯಿಂದ ನಮ್ಮ ಮಾವ ಇಲ್ಲಿ ಅಡ್ಮಿಟ್ ಇದ್ದಾರೆ, 58 ವರ್ಷ. ಇದೇ ಬೇನೆ. ಈ ಚರ್ಚೆ ಓದಿ ಈಗ ಹಾಳೆ ಕೇಳಿ ಇಸಿದುಕೊಂಡೆ. ನಿನ್ನೆ ಪಿಸಿವಿ 46, ಇವತ್ತು 47. ಯೂರಿಯಾ ನಿನ್ನೆ 36, ಇವತ್ತು 54. ಲೈಪೇಸ್ ಇಳಿದಿದೆ ಅಂತ ಹೇಳಿದರು. ಮಧ್ಯಾಹ್ನದಿಂದ ಮೂತ್ರ ಒಂದೇ ಸಲ ಆಗಿದೆ. ನಾನು ಏನು ಮಾಡಲಿ? ಡಾಕ್ಟರಿಗೆ ಹೇಗೆ ಕೇಳಲಿ? ಅವರಿಗೆ ಸಿಟ್ಟು ಬಂದರೆ?

ರಾತ್ರಿಪಾಳಿ, ಬೆಳಗಾವಿ

ತಂಗಿ, ಈಗಲೇ ಎದ್ದು ಹೋಗಿ ಡ್ಯೂಟಿ ಡಾಕ್ಟರನ್ನು ಕಾಣು. ಬೆಳಗಿನವರೆಗೆ ಕಾಯಬೇಡ. ಹೀಗೆ ಹೇಳು: "ಸರ್, ಯೂರಿಯಾ 36 ಇದ್ದದ್ದು 54 ಆಗಿದೆ, ಪಿಸಿವಿ ಇಳಿದಿಲ್ಲ, ಮಧ್ಯಾಹ್ನದಿಂದ ಮೂತ್ರ ಒಂದೇ ಸಲ. ಐಸಿಯು ಇರುವ ಕಡೆ ಕಳಿಸಬೇಕಾ?" ಇಷ್ಟೇ ಸಾಕು. ಅಂಕಿ ಹೇಳಿ ಕೇಳಿದರೆ ಯಾರಿಗೂ ಸಿಟ್ಟು ಬರುವುದಿಲ್ಲ.

ನವನಗರ ಓಪಿಡಿ, ಬಾಗಲಕೋಟೆ

ಸಿಸ್ಟರ್ ಹೇಳಿದ ಹಾಗೇ ಮಾಡಿ. ನಾನು ಇಲ್ಲಿಂದ ರೋಗಿಯನ್ನು ನೋಡದೆ ಚಿಕಿತ್ಸೆ ಹೇಳಲಾರೆ, ಆದರೆ ಈ ಅಂಕಿಗಳು ಇವತ್ತು ರಾತ್ರಿಯೇ ಒಬ್ಬ ಡಾಕ್ಟರ್ ಕೂತು ಯೋಚಿಸಬೇಕಾದ ಅಂಕಿಗಳು. ಕಳಿಸುವುದಾದರೆ ಆಕ್ಸಿಜನ್ ಇರುವ ಗಾಡಿಯಲ್ಲಿ ಹೋಗಿ, ಸಲೈನ್ ನಿಲ್ಲಿಸಬೇಡಿ. ಎರಡೂ ದಿನದ ರಿಪೋರ್ಟು, ಮೂತ್ರದ ಚಾರ್ಟು, ಎಷ್ಟು ಬಾಟಲಿ ಹೋಗಿದೆ ಅನ್ನುವ ಹಾಳೆ ಎಲ್ಲಾ ಜೊತೆಗಿರಲಿ. ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ ಬೆಡ್ ಇದೆಯಾ ಕೇಳಿಸಿ.

ಬೆಲ್ಲದ ಗಾಣ, ಮುಧೋಳ

ತಂಗಿ, ರೇಷನ್ ಕಾರ್ಡು, ಆಧಾರ್ ಚೀಲದಲ್ಲಿ ಇಟ್ಟುಕೊ. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಆಸ್ಪತ್ರೆ ಮುಟ್ಟಿದ ಕೂಡಲೇ ಆ ಯೋಜನೆಯ ಸಹಾಯಕ ಆರೋಗ್ಯಮಿತ್ರ ಎಲ್ಲಿ ಅಂತ ಕೇಳು. 108ಕ್ಕೆ ಫೋನ್ ಮಾಡು. ದಾರಿಯಲ್ಲಿ ಕಬ್ಬಿನ ಟ್ರಾಕ್ಟರ್ ಇರುತ್ತವೆ, ಡ್ರೈವರನಿಗೆ ಅವಸರ ಮಾಡಬೇಡ.

ಸಂಗಮ ದಾರಿ, ಹುನಗುಂದ

ಹೋಗಿ ಹೇಳಿದೆ. ಡಾಕ್ಟರ್ ಸಿಟ್ಟಾಗಲಿಲ್ಲ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು, ಮಾವನ ಹೊಟ್ಟೆ ಮುಟ್ಟಿ ನೋಡಿದರು, ತಾವೇ ಬಾಗಲಕೋಟೆಗೆ ಫೋನ್ ಮಾಡಿದರು. ಗಾಡಿ ಬರುತ್ತಿದೆ.

ಕೃಷ್ಣಾತೀರ, ಜಮಖಂಡಿ

ಮುಟ್ಟಿದ ಮೇಲೆ ಒಂದು ಸಾಲು ಬರೆಯಿರಿ ತಂಗಿ. ನಾನು ಎಚ್ಚರ ಇರುತ್ತೇನೆ.

ಸಂಗಮ ದಾರಿ, ಹುನಗುಂದ

12.40ಕ್ಕೆ ಮುಟ್ಟಿದೆವು. ಐಸಿಯು ಒಳಗೆ ತೆಗೆದುಕೊಂಡಿದ್ದಾರೆ. ಮತ್ತೆ ರಕ್ತ ತೆಗೆದರು.

ಕೃಷ್ಣಾತೀರ, ಜಮಖಂಡಿ

ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ. ಮೇಡಂ, ನನ್ನದೂ ಒಂದು ಉಳಿದಿದೆ. ಅಣ್ಣನ ಎಸ್‌ಜಿಪಿಟಿ (ಲಿವರ್ ಟೆಸ್ಟು) ಮೊದಲ ದಿನ 212 ಇತ್ತು. ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಹರಳು. ಆಪರೇಷನ್ ಅಂದಿದ್ದರು, ಕಬ್ಬು ಕಡಿದು ಫ್ಯಾಕ್ಟರಿಗೆ ಕಳಿಸಿದ ಮೇಲೆ ಮಾಡಿಸೋಣ ಅಂತ ಅಪ್ಪ ಮುಂದಕ್ಕೆ ಹಾಕಿ ಬಿಡುಗಡೆ ಮಾಡಿಸಿಕೊಂಡು ಬಂದರು. ಈಗ ಅಣ್ಣ ಆರಾಮ ಇದ್ದಾನೆ. ಕಾಯಬಹುದಾ?

ನವನಗರ ಓಪಿಡಿ, ಬಾಗಲಕೋಟೆ

ಕಾಯಬೇಡಿ. ಎಸ್‌ಜಿಪಿಟಿ 150 ದಾಟಿದ್ದರೆ ಬೇನೆಗೆ ಕಾರಣ ಹರಳೇ ಅನ್ನುವುದು ಬಹುಪಾಲು ಖಚಿತ, ನಿಮ್ಮಲ್ಲಿ ಹರಳು ಕಣ್ಣಿಗೂ ಕಂಡಿದೆ. ಸಣ್ಣ ಹರಳೇ ಜಾರಿ ನಾಳಕ್ಕೆ ಸಿಕ್ಕಿಕೊಳ್ಳುವುದು. ಹಗುರ ಬೇನೆಯವರಿಗೆ ಅದೇ ಅಡ್ಮಿಷನ್ನಿನಲ್ಲಿ ಪಿತ್ತಕೋಶ ತೆಗೆದರೆ, ಒಂದು ತಿಂಗಳು ಬಿಟ್ಟು ತೆಗೆಯುವುದಕ್ಕಿಂತ ತೊಂದರೆ ಮರುಕಳಿಸುವುದು ಬಹಳ ಕಮ್ಮಿ ಅಂತ 2015ರಲ್ಲಿ ನೆದರ್ಲೆಂಡ್ಸಿನ ಪ್ರಯೋಗ ತೋರಿಸಿತು. ನಿಮಗೆ ಆಗಲೇ ತಡ ಆಗಿದೆ. ಅಪ್ಪನಿಗೆ ಹೀಗೆ ಹೇಳಿ: ಈ ಸಲ ಪಿಸಿವಿ 41 ಇತ್ತು, ಮುಂದಿನ ಸಲ 49 ಇರಬಹುದು.

ಕೃಷ್ಣಾತೀರ, ಜಮಖಂಡಿ

ಅಪ್ಪನಿಗೆ ಅದೇ ಮಾತು ಹೇಳಿದೆ. ಕಾಕಾ ಅವರ ಫೈಲಿನ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಬ್ಬು ನಾನು ನೋಡಿಕೊಳ್ಳುತ್ತೇನೆ, ನೀ ಅವನನ್ನು ಕರೆದುಕೊಂಡು ಹೋಗು" ಅಂದರು. ಸೋಮವಾರ ಅಡ್ಮಿಟ್, ಮಂಗಳವಾರ ಆಪರೇಷನ್.

ಕಾಕಾ ಅವರ ಮಗನ ಜೊತೆಗೂ ಮಾತಾಡಿದೆ. ಇವತ್ತಿಗೆ 31 ದಿನ. ಗ್ರಂಥಿಯ ಸತ್ತ ಭಾಗಕ್ಕೆ ಸೋಂಕು ತಗುಲಿತ್ತಂತೆ. ಹೊಟ್ಟೆ ಕೊಯ್ಯದೆ ಪಕ್ಕೆಯಿಂದ ನಳಿಕೆ ಹಾಕಿ ಕೀವು ತೆಗೆಯುತ್ತಿದ್ದಾರೆ. ಡಯಾಲಿಸಿಸ್ ನಿಂತಿದೆ. ಆಕ್ಸಿಜನ್ ತೆಗೆದಿದ್ದಾರೆ. ಇನ್ಸುಲಿನ್ ಮುಂದೆಯೂ ಬೇಕಾಗಬಹುದು ಅಂದಿದ್ದಾರೆ. ನಿನ್ನೆ ಕುರ್ಚಿಯಲ್ಲಿ ಹತ್ತು ನಿಮಿಷ ಕೂತಿದ್ದರಂತೆ.

ರಾತ್ರಿಪಾಳಿ, ಬೆಳಗಾವಿ

31ನೇ ದಿನಕ್ಕೆ ಕುರ್ಚಿಯಲ್ಲಿ ಕೂತರು ಅಂದರೆ ಬಹಳ ಒಳ್ಳೆಯ ಸುದ್ದಿ. ನಳಿಕೆ ಎಳೆಯದಂತೆ ರಾತ್ರಿ ಯಾರಾದರೂ ಪಕ್ಕದಲ್ಲಿರಲಿ ಅಂತ ಹೇಳಿ. ಹುನಗುಂದದ ತಂಗಿ, ಮಾವ ಹೇಗಿದ್ದಾರೆ?

ಸಂಗಮ ದಾರಿ, ಹುನಗುಂದ

ಅಕ್ಕಾರ, ಈಗಷ್ಟೇ ಹೊರಗೆ ಬಂದೆ. ಮೂರು ದಿನ ಐಸಿಯುನಲ್ಲಿದ್ದರು. ಎರಡನೇ ದಿನ ಸ್ವಲ್ಪ ಆಕ್ಸಿಜನ್ ಬೇಕಾಯಿತು, ಆಮೇಲೆ ತೆಗೆದರು. ಇವತ್ತು ವಾರ್ಡಿಗೆ ಹಾಕಿದ್ದಾರೆ. ಬೆಳಗಿನ ಹಾಳೆ ನನ್ನ ಕೈಯಲ್ಲೇ ಇದೆ: ಪಿಸಿವಿ 39, ಯೂರಿಯಾ 31, ಕ್ರಿಯಾಟಿನಿನ್ 1.0. ಸಿಆರ್‌ಪಿ ಇನ್ನೂ 170 ಇದೆ, ನಾಳೆ ಸಿಟಿ ಮಾಡುತ್ತಾರಂತೆ. ಮೂತ್ರ ಚೊಲೋ ಆಗುತ್ತಿದೆ. ಮಾವ ಇಡ್ಲಿ ಕೇಳುತ್ತಿದ್ದಾರೆ, ಡಾಕ್ಟರ್ ಕೊಡಿ ಅಂದಿದ್ದಾರೆ, ನನಗೇ ಅಂಜಿಕೆ.

ರಾತ್ರಿಪಾಳಿ, ಬೆಳಗಾವಿ

ಡಾಕ್ಟರ್ ಕೊಡಿ ಅಂದ ಮೇಲೆ ಕೊಡು. ಬೇಗ ಊಟ ಶುರುವಾದಷ್ಟೂ ಒಳ್ಳೆಯದು. ಅರ್ಧ ಇಡ್ಲಿಯಿಂದ ಶುರು ಮಾಡು, ಚಟ್ನಿ ಬೇಡ. ನೋವು ತಿರುಗಿ ಬಂದರೆ ಅಥವಾ ವಾಂತಿ ಆದರೆ ಸಿಸ್ಟರಿಗೆ ಹೇಳು.